ಮೇವಿನ ಗುಂಡಿಗೆ ಯಾವ ಹೆಪ್ಪು?

ಯುಗಾದಿ ಕಳೆದು ಬಸವ ಜಯಂತಿ ಹತ್ತಿರ ಬಂತೆಂದರೆ ನಮ್ಮ ಮಡಕಶಿರಾ ಸೀಮೆಯಲ್ಲಿ ಎದುರಿಗೆ ಸಿಕ್ಕವರು ಕೇಳುವ ಮೊದಲ ಮಾತು 'ಊಟ ಆಯ್ತಾ' ಅಂತಲ್ಲ, 'ಮೇವು ಐತಾ' ಅಂತ. 1953ರಲ್ಲಿ ಆಂಧ್ರ ರಾಜ್ಯವಾದಾಗ ನಾವು ಅತ್ತ ಸೇರಿದೆವು. 2022ರಿಂದ ನಮ್ಮದು ಅನಂತಪುರ ಜಿಲ್ಲೆಯೂ ಅಲ್ಲ, ಶ್ರೀ ಸತ್ಯಸಾಯಿ ಜಿಲ್ಲೆ. ರಾಜ್ಯ ಬದಲಾಯಿತು, ಜಿಲ್ಲೆ ಬದಲಾಯಿತು, ಬರ ಮಾತ್ರ ಬದಲಾಗಲಿಲ್ಲ. ಗಡಿಯ ಆಚೆ ಸಿರಾ, ಪಾವಗಡ, ಮಧುಗಿರಿಯವರಿಗೂ ಇದೇ ಆಕಾಶ, ಇದೇ ಕೊಳವೆಬಾವಿ.

ಕಡಲೆಕಾಯಿ ಕೈಕೊಟ್ಟ ವರ್ಷಗಳಲ್ಲಿ ಇಲ್ಲಿ ಅನೇಕ ಮನೆಗಳನ್ನು ಉಳಿಸಿದ್ದು ಸೀಮೆಹಸು. ಹಸು ಇದ್ದರೆ ಹಾಲಿನ ದುಡ್ಡು. ಆದರೆ ಹಸುವಿಗೆ ಹಸಿರು ಬೇಕು. ಮಳೆಗಾಲದಲ್ಲಿ ಬೆಳೆದ ಮುಸುಕಿನ ಜೋಳವನ್ನು ಹಸಿಯಾಗಿರುವಾಗಲೇ ಕತ್ತರಿಸಿ, ಗುಂಡಿಯಲ್ಲಿ ತುಳಿದು, ಗಾಳಿಯಾಡದಂತೆ ಮುಚ್ಚಿಟ್ಟು, ಬೇಸಿಗೆಯಲ್ಲಿ ತೆಗೆದು ಹಾಕುವುದು ಒಂದು ದಾರಿ. ಇದಕ್ಕೆ ಕನ್ನಡದಲ್ಲಿ ರಸಮೇವು ಎನ್ನುತ್ತಾರೆ. ನಮ್ಮ ಕಡೆ ಬರುವ ತೆಲುಗು ಕರಪತ್ರಗಳಲ್ಲಿ ಇದು 'ಪಾತರ ಗಡ್ಡಿ'. ಪಾತರ ಎಂದರೆ ಹಗೇವು, ನಮ್ಮ ತಾತಂದಿರು ರಾಗಿ ತುಂಬಿಡುತ್ತಿದ್ದ ನೆಲದೊಳಗಿನ ಕಣಜ. ತೆಲುಗಿನ ಹೆಸರು ಮೇವನ್ನು ಎಲ್ಲಿ ಇಡುತ್ತಾರೆಂದು ಹೇಳುತ್ತದೆ, ಕನ್ನಡದ ಹೆಸರು ಒಳಗೆ ಏನು ಉಳಿಯಬೇಕೆಂದು ಹೇಳುತ್ತದೆ. ನಾನು ಇಡುವುದನ್ನು ಬೇಗ ಕಲಿತೆ, ಉಳಿಸುವುದನ್ನು ಕಲಿಯಲು ಒಂದು ಹಸು ಕಳೆದುಕೊಂಡೆ. ಆ ಕಥೆಯನ್ನೇ ಇಲ್ಲಿ ಹೇಳುತ್ತೇನೆ.

ಎರಡನೇ ವಾರದ ಹಬೆ

2017ರ ಮಾತು. ಹನ್ನೆರಡಡಿ ಉದ್ದ, ಎಂಟಡಿ ಅಗಲ, ಐದಡಿ ಆಳದ ಗುಂಡಿ ತೋಡಿಸಿದ್ದೆ. ಸುಮಾರು ಏಳು ಟನ್ ಮೇವು ಹಿಡಿಯಿತು. ಅಂಗಡಿಯವರು ಒಂದು ಪೊಟ್ಟಣ ಕೊಟ್ಟರು. 'ಇದರಲ್ಲಿ ಒಳ್ಳೆ ಬ್ಯಾಕ್ಟೀರಿಯಾ ಐತೆ, ನೀರಿಗೆ ಕಲಸಿ ಚಿಮುಕಿಸಿ, ಮೇವು ಕೆಡೋದೇ ಇಲ್ಲ' ಎಂದರು. ಪೊಟ್ಟಣದ ಮೇಲಿದ್ದದ್ದೆಲ್ಲ ಇಂಗ್ಲಿಷು. ನನ್ನ ಎಸ್ಸೆಸ್ಸೆಲ್ಸಿ ಇಂಗ್ಲಿಷು ಅಷ್ಟು ದೂರ ಹೋಗಲಿಲ್ಲ. ನಂಬಿ ಹಾಕಿದೆ.

ಏಪ್ರಿಲ್‌ನಲ್ಲಿ ಗುಂಡಿ ತೆರೆದಾಗ ಹಳದಿ ಮಿಶ್ರಿತ ಹಸಿರು ಬಣ್ಣ, ಹಿತವಾದ ಹುಳಿ ವಾಸನೆ. ನಾಲ್ಕು ಹಸುಗಳೂ ಗೋದಲಿ ನೆಕ್ಕಿದವು. ಎಂಟು ದಿನ ನಾನೇ ರಾಜ. ಎರಡನೇ ವಾರ ಒಂದು ಮುಂಜಾನೆ ಟಾರ್ಪಾಲು ಎತ್ತಿದರೆ ಗುಂಡಿಯಿಂದ ಹಬೆ ಏಳುತ್ತಿತ್ತು. ಕೈ ತೂರಿಸಿದರೆ ಬಿಸಿ. ಎರಡು ದಿನದಲ್ಲಿ ಬಿಳಿ ಬೂಷ್ಟು, ಆಮೇಲೆ ಹಸಿರು ಬೂಷ್ಟು. ಹಸುಗಳು ಮೂಸಿ ಮುಖ ತಿರುಗಿಸಿದವು. ಹಾಲು ಇಳಿಯಿತು.

ನಮ್ಮೂರಿನ ಗೋಪಾಲಮಿತ್ರ ಹುಡುಗ ಬಂದು ಒಂದು ಹಿಡಿ ತೆಗೆದು ಮೂಸಿ ತೆಲುಗಿನಲ್ಲಿ ಹೇಳಿದ: 'ಮಾಮಾ, ಇದಿ ಪುಲಿಯಲೇದನಿ ಕಾದು. ಬಾಗಾನೇ ಪುಲಿಸಿಂದಿ. ತೆರಿಚಾಕ ವೇಡೆಕ್ಕಿಂದಿ.' ಹುಳಿಯಾಗಿಲ್ಲ ಅಂತಲ್ಲ ಮಾಮ, ಚೆನ್ನಾಗಿಯೇ ಹುಳಿಯಾಗಿದೆ, ತೆರೆದ ಮೇಲೆ ಬಿಸಿಯೇರಿದೆ, ಎಂದು. ಆ ಒಂದು ಮಾತಿನ ಅರ್ಥ ಆಗೋಕೆ ನನಗೆ ಎರಡು ವರ್ಷ ಬೇಕಾಯಿತು.

ಸುಮಾರು ಎರಡು ಟನ್ ಮೇವು ತಿಪ್ಪೆ ಸೇರಿತು. ಬೂಷ್ಟು ಬಂದದ್ದನ್ನು 'ಮೇಲಿಂದ ಕೆರೆದು' ಹಾಕೋಣವೆಂದರೆ ಅದೂ ತಪ್ಪು. ಕೆಲವು ಬೂಷ್ಟಿನ ವಿಷ ಹಾಲಿನೊಳಗೂ ಇಳಿಯುತ್ತದೆ. ಅಫ್ಲಾಟಾಕ್ಸಿನ್ ಎಂಬುದು ಅಂಥದ್ದೇ. ಹಸು ತಿಂದದ್ದು ಮಗುವಿನ ಲೋಟಕ್ಕೆ ಬರುತ್ತದೆ. ಮೇ ತಿಂಗಳು ಕೊಂಡು ಹಾಕುವ ಮೇವಿನ ಬೆಲೆ ತಾಳಲಾರದೆ ನಾಲ್ಕರಲ್ಲಿ ಒಂದು ಹಸುವನ್ನು ಸಂತೆಗೆ ಹೊಡೆದೆ. ಎರಡನೇ ಕರುವಿನದು, ಹೊತ್ತಿಗೆ ಆರು ಲೀಟರ್ ಕೊಡುತ್ತಿತ್ತು. ನಮ್ಮ ಮನೆಯಾಕೆ ಆ ದಿನ ಕೊಟ್ಟಿಗೆ ಕಡೆ ಬರಲಿಲ್ಲ.

ಹುಳಿಯಾಗುವುದು ಹೇಗೆ

ತಪ್ಪು ಎಲ್ಲಿ ಎಂದು ತಿಳಿಯಬೇಕಾದರೆ ಗುಂಡಿಯೊಳಗೆ ಏನು ನಡೆಯುತ್ತದೆಂದು ತಿಳಿಯಬೇಕು. ನಮ್ಮ ಹೆಣ್ಣುಮಕ್ಕಳಿಗೆ ಇದು ಹೊಸದಲ್ಲ. ಹಾಲಿಗೆ ಹೆಪ್ಪು ಹಾಕುವುದು, ದೋಸೆ ಹಿಟ್ಟು ಹುದುಗು ಬರಿಸುವುದು, ರಾಗಿ ಅಂಬಲಿ ಹುಳಿಯಿಡುವುದು ಎಲ್ಲದರಲ್ಲೂ ಸಕ್ಕರೆ ಅಂಶವನ್ನು ತಿಂದು ಹುಳಿ ಮಾಡುವ ಸೂಕ್ಷ್ಮಾಣುಗಳಿವೆ. ಜೋಳದ ದಂಟಿನಲ್ಲಿ, ಎಲೆಯಲ್ಲಿ ಅವು ಹುಟ್ಟಾ ಇರುತ್ತವೆ. ಗಾಳಿ ಹೋದರೆ ಅವು ದಂಟಿನ ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲ ಮಾಡುತ್ತವೆ. ಇದೇ ಮೊಸರಿನ ಹುಳಿ. ಹುಳಿ ಏರಿ ಪಿ.ಹೆಚ್. ನಾಲ್ಕರ ಹತ್ತಿರ ಇಳಿದರೆ ಕೊಳೆಸುವ ಸೂಕ್ಷ್ಮಾಣುಗಳು ತಲೆ ಎತ್ತುವುದಿಲ್ಲ.

ಈ ವಿದ್ಯೆ ಹಳೆಯದು. ಫ್ರಾನ್ಸಿನ ಆಗಸ್ಟ್ ಗೋಫಾರ್ ಎಂಬ ಜಮೀನುದಾರ ಮುಸುಕಿನ ಜೋಳವನ್ನು ಹೀಗೆ ಇಡುವ ಬಗ್ಗೆ 1877ರಲ್ಲೇ ಪುಸ್ತಕ ಬರೆದ. ಫಿನ್ಲೆಂಡಿನ ವಿಜ್ಞಾನಿ ವಿರ್ಟಾನೆನ್ ಮೇವಿಗೆ ಆಮ್ಲವನ್ನೇ ಬೆರೆಸಿ ಹುಳಿಯನ್ನು ಬೇಗ ಏರಿಸುವ ವಿಧಾನ ಕಂಡುಹಿಡಿದರು. ಮೇವು ಕೆಡದಂತೆ ಇಡುವ ಆ ಕೆಲಸವೂ ಸೇರಿ ಅವರಿಗೆ 1945ರ ರಸಾಯನಶಾಸ್ತ್ರದ ನೊಬೆಲ್ ಬಹುಮಾನ ಬಂತು. ಆಮ್ಲದ ಬದಲು ಆಮ್ಲ ಮಾಡುವ ಜೀವವನ್ನೇ ಹಾಕುವುದು ಇಂದಿನ ಪೊಟ್ಟಣದ ದಾರಿ.

ಇಲ್ಲಿ ಒಂದು ಮಾತು ಗಮನಿಸಬೇಕು. ಮುಸುಕಿನ ಜೋಳದಲ್ಲಿ ಸಕ್ಕರೆ ಬೇಕಾದಷ್ಟು ಇರುತ್ತದೆ. ಸರಿಯಾದ ಹದದಲ್ಲಿ ಕೊಯ್ದು ಗಟ್ಟಿಯಾಗಿ ತುಳಿದು ಮುಚ್ಚಿದರೆ ಯಾರ ಹೆಪ್ಪೂ ಇಲ್ಲದೆ ಅದು ಹುಳಿಯಾಗುತ್ತದೆ. ಹಾಗಾದರೆ ಜೋಳದ ರಸಮೇವಿಗೆ ಕಷ್ಟ ಯಾವಾಗ? ಮುಚ್ಚಿದಾಗ ಅಲ್ಲ, ತೆರೆದಾಗ. ಗುಂಡಿ ತೆರೆದೊಡನೆ ಗಾಳಿ ನುಗ್ಗುತ್ತದೆ. ಗಾಳಿಯಿಲ್ಲದೆ ಮಲಗಿದ್ದ ಯೀಸ್ಟ್ ಎಂಬ ಸೂಕ್ಷ್ಮಜೀವಿ ಏಳುತ್ತದೆ. ಅದು ಲ್ಯಾಕ್ಟಿಕ್ ಆಮ್ಲವನ್ನೇ ತಿನ್ನುತ್ತದೆ. ತಿಂದಂತೆ ಬಿಸಿ ಏರುತ್ತದೆ, ಹುಳಿ ಕಡಿಮೆಯಾಗುತ್ತದೆ. ಹುಳಿ ಕಡಿಮೆಯಾದ ಜಾಗಕ್ಕೆ ಬೂಷ್ಟು ಬರುತ್ತದೆ. ಗೋಪಾಲಮಿತ್ರ ಹುಡುಗ ಹೇಳಿದ್ದು ಇದನ್ನೇ.

ಹೆಪ್ಪಿನಲ್ಲಿ ಎರಡು ಜಾತಿ

ಪೊಟ್ಟಣದಲ್ಲಿ ಬರುವ ಬ್ಯಾಕ್ಟೀರಿಯಾ ಮುಖ್ಯವಾಗಿ ಎರಡು ಬಗೆ.

ಮೊದಲನೆಯದು ಆತುರದ್ದು. ಲ್ಯಾಕ್ಟೋಬ್ಯಾಸಿಲಸ್ ಪ್ಲಾಂಟಾರಮ್ ಇದರಲ್ಲಿ ಹೆಸರುವಾಸಿ. ಸಕ್ಕರೆಯನ್ನೆಲ್ಲ ಹೆಚ್ಚುಕಮ್ಮಿ ಲ್ಯಾಕ್ಟಿಕ್ ಆಮ್ಲವಾಗಿಯೇ ಮಾಡುತ್ತದೆ. ಹುಳಿ ಬೇಗ ಏರುತ್ತದೆ, ಮೇವಿನ ಸತ್ವ ಕಡಿಮೆ ಕಳೆಯುತ್ತದೆ. ಸಕ್ಕರೆ ಕಡಿಮೆ ಇರುವ ಹುಲ್ಲು, ಕುದುರೆ ಮೆಂತೆಯಂಥ ದ್ವಿದಳ ಮೇವಿಗೆ ಇದು ದೊಡ್ಡ ಸಹಾಯ.

ಎರಡನೆಯದು ನಿಧಾನದ್ದು. ಅದರ ಹೆಸರು ಲ್ಯಾಕ್ಟೋಬ್ಯಾಸಿಲಸ್ ಬುಕ್ನೆರಿ. ಇದು ಲ್ಯಾಕ್ಟಿಕ್ ಆಮ್ಲದ ಒಂದು ಭಾಗವನ್ನು ಅಸಿಟಿಕ್ ಆಮ್ಲವಾಗಿ, ಅಂದರೆ ವಿನೆಗರ್ ಹುಳಿಯಾಗಿ, ಬದಲಾಯಿಸುತ್ತದೆ. ಸತ್ವ ಸ್ವಲ್ಪ ಹೆಚ್ಚು ಕಳೆಯುತ್ತದೆ, ನಿಜ. ಆದರೆ ವಿನೆಗರ್ ಹುಳಿ ಯೀಸ್ಟಿಗೆ ಆಗದು. ಗುಂಡಿ ತೆರೆದ ಮೇಲೆ ಮೇವು ತಣ್ಣಗೆ ಉಳಿಯುವ ದಿನಗಳು ಹೆಚ್ಚುತ್ತವೆ. 1990ರ ದಶಕದ ಕೊನೆಯಿಂದ ಇದರ ಮೇಲೆ ಹೊರದೇಶಗಳಲ್ಲಿ ಬಹಳ ಪ್ರಯೋಗಗಳಾಗಿವೆ. ಆದರೆ ಇದಕ್ಕೆ ಸಮಯ ಕೊಡಬೇಕು. 45ರಿಂದ 60 ದಿನ ಮುಚ್ಚಿಯೇ ಇರಬೇಕು. ಇಪ್ಪತ್ತನೇ ದಿನಕ್ಕೆ ಗುಂಡಿ ತೆರೆಯುವವನು ಈ ಪೊಟ್ಟಣಕ್ಕೆ ದುಡ್ಡು ಹಾಕಬಾರದು.

2017ರಲ್ಲಿ ನಾನು ಹಾಕಿದ್ದು ಬರೀ ಮೊದಲ ಜಾತಿಯದು. ಪೊಟ್ಟಣವನ್ನು ಇಟ್ಟುಕೊಂಡಿದ್ದೆ, ಆಮೇಲೆ ಓದಿದವರಿಂದ ಓದಿಸಿದೆ. ಅದು ಮೋಸದ ಮಾಲಲ್ಲ, ತನ್ನ ಕೆಲಸ ಮಾಡಿತ್ತು. ನನ್ನ ಗುಂಡಿಗೆ ಬೇಕಾದ ಕೆಲಸ ಬೇರೆಯಿತ್ತು. ಆತುರದ ಹೆಪ್ಪು ಒಂಟಿಯಾಗಿ ಹಾಕಿದಾಗ ವಿನೆಗರ್ ಹುಳಿ ಕಡಿಮೆಯಾಗಿ, ತೆರೆದ ಮೇಲೆ ಜೋಳದ ಮೇವು ಇನ್ನೂ ಬೇಗ ಬಿಸಿಯೇರುವುದೂ ಉಂಟು. ಈಗ ಎರಡನ್ನೂ ಸೇರಿಸಿದ ಪೊಟ್ಟಣಗಳೂ ಇವೆ.

ಒಂದು ಎಚ್ಚರಿಕೆ. 2020ರಲ್ಲಿ ವಿಜ್ಞಾನಿಗಳು ಈ ಜೀವಿಗಳ ಕುಲದ ಹೆಸರು ಬದಲಾಯಿಸಿದರು. ಪ್ಲಾಂಟಾರಮ್ ಈಗ ಲ್ಯಾಕ್ಟಿಪ್ಲಾಂಟಿಬ್ಯಾಸಿಲಸ್, ಬುಕ್ನೆರಿ ಈಗ ಲೆಂಟಿಲ್ಯಾಕ್ಟೋಬ್ಯಾಸಿಲಸ್. ಪೊಟ್ಟಣದ ಮೇಲೆ ಹಳೆ ಹೆಸರೂ ಇರಬಹುದು, ಹೊಸದೂ ಇರಬಹುದು. ನೀವು ಎರಡನೇ ಪದ ನೋಡಿ. ಮನೆಯ ಹೆಸರು ಬದಲಾದರೂ ಮನುಷ್ಯನ ಹೆಸರು ಅದೇ.

ಅಂಗುಲದ ಲೆಕ್ಕ

ಹೆಪ್ಪು ಒಂದು ಕಾರಣ. ಅದಕ್ಕಿಂತ ದೊಡ್ಡ ತಪ್ಪು ನನ್ನ ಗುಂಡಿಯ ಅಳತೆಯಲ್ಲೇ ಇತ್ತು. ರಸಮೇವಿನ ಮುಖದಿಂದ ದಿನಕ್ಕೆ ಕನಿಷ್ಠ ಆರು ಅಂಗುಲ ದಪ್ಪ ತೆಗೆಯಬೇಕು, ಸೆಕೆಯಲ್ಲಿ ಇನ್ನೂ ಹೆಚ್ಚು, ಎನ್ನುತ್ತಾರೆ ತಿಳಿದವರು. ಗಾಳಿ ಒಳಗೆ ನುಗ್ಗುವುದಕ್ಕಿಂತ ಬೇಗ ನಾವು ಮೇವನ್ನು ತೆಗೆಯಬೇಕು. ಓಟದಲ್ಲಿ ನಾವು ಮುಂದಿರಬೇಕು.

ನನ್ನ ಲೆಕ್ಕ ನೋಡಿ. ನಾಲ್ಕು ಹಸು, ತಲಾ 15 ಕಿಲೋ, ದಿನಕ್ಕೆ 60 ಕಿಲೋ. ಗುಂಡಿಯ ಮುಖ ಎಂಟಡಿಗೆ ಐದಡಿ, ಅಂದರೆ 40 ಚದರಡಿ. 60 ಕಿಲೋ ತೆಗೆದರೆ ಆ ಮುಖ ಒಳಗೆ ಸರಿಯುವುದು ಒಂದೂಕಾಲು ಅಂಗುಲ ಮಾತ್ರ. ನೂರು ಹಸುವಿನ ಡೇರಿಗೆ ಹೊಂದುವ ಲೆಕ್ಕವನ್ನು ನಾಲ್ಕು ಹಸುವಿನವನು ನಕಲು ಮಾಡಿದ್ದ. ಗಾಳಿ ನನ್ನನ್ನು ಸೋಲಿಸಿದ್ದರಲ್ಲಿ ಆಶ್ಚರ್ಯವಿಲ್ಲ.

2019ರಲ್ಲಿ ಗುಂಡಿಯನ್ನು ಬದಲಾಯಿಸಿದೆ. ನಾಲ್ಕಡಿ ಅಗಲ, ಮೂರಡಿ ಆಳ, ಇಪ್ಪತ್ತಡಿ ಉದ್ದದ ಎರಡು ಗುಂಡಿ. ಮುಖ 12 ಚದರಡಿ. ಅದೇ 60 ಕಿಲೋಗೆ ದಿನಕ್ಕೆ ಮೂರೂವರೆಯಿಂದ ನಾಲ್ಕು ಅಂಗುಲ ಹೋಗುತ್ತದೆ. ಒಂದನ್ನು ಬಳಸುವಾಗ ಇನ್ನೊಂದು ಮುಚ್ಚಿಯೇ ಇರುತ್ತದೆ. ಆರು ಅಂಗುಲ ಇನ್ನೂ ಮುಟ್ಟಲಿಲ್ಲ. ಆ ಉಳಿದ ಎರಡು ಅಂಗುಲದ ಕೊರತೆಯನ್ನು ತುಂಬುವುದಕ್ಕೆ ಬುಕ್ನೆರಿ ಬೇಕು. ನಮ್ಮಂಥ ಸಣ್ಣ ರೈತರಿಗೆ ಅದರ ಉಪಯೋಗ ಇರುವುದು ಇಲ್ಲೇ.

ಒಂದೇ ಹಸು, ಎರಡೇ ಹಸು ಇರುವವರಿಗೆ ಗುಂಡಿಯೇ ಬೇಡ. 50 ಕಿಲೋ ಹಿಡಿಯುವ ಒಳಪದರದ ಚೀಲಗಳಲ್ಲಿ ಗಟ್ಟಿಯಾಗಿ ತುಂಬಿ ಗಾಳಿ ತೆಗೆದು ಕಟ್ಟಿದರೆ ಸಾಕು. ತೆರೆದ ಚೀಲ ಎರಡು ಮೂರು ದಿನದಲ್ಲಿ ಖಾಲಿಯಾಗುತ್ತದೆ, ಬಿಸಿಯೇರಲು ಪುರಸೊತ್ತೇ ಇಲ್ಲ. ಆದರೆ ಇಲಿ ಕಾಯಬೇಕು. ಒಂದು ತೂತು ಸಾಕು, ಚೀಲ ಪೂರ್ತಿ ಹೋಯಿತು.

ಹಾಕುವ ಕ್ರಮ

ಕೊಯ್ಲಿನ ಹದ ಮೊದಲು. ತೆನೆಯ ಕಾಳು ಹಾಲು ಕಳೆದು ಹಿಟ್ಟಿನ ಹದಕ್ಕೆ ಬಂದಿರಬೇಕು. ಕತ್ತರಿಸಿದ ಮೇವನ್ನು ಮುಷ್ಟಿಯಲ್ಲಿ ಅರೆ ನಿಮಿಷ ಹಿಂಡಿ ಬಿಡಿ. ರಸ ತೊಟ್ಟಿಕ್ಕಿದರೆ ಇನ್ನೂ ಹಸಿ. ಉಂಡೆ ಕೂಡಲೇ ಉದುರಿದರೆ ಒಣಗಿದೆ. ಉಂಡೆ ನಿಧಾನವಾಗಿ ಬಿಚ್ಚಿಕೊಂಡರೆ ಹದ ಸರಿ, ನೂರಕ್ಕೆ 30ರಿಂದ 35 ಭಾಗ ಒಣ ಅಂಶ ಇದೆ ಎಂದರ್ಥ. ಮೇವು ಕತ್ತರಿಸುವ ಯಂತ್ರದಲ್ಲಿ ಅರ್ಧ ಅಂಗುಲದಷ್ಟು ಸಣ್ಣಗೆ ಕತ್ತರಿಸಿ.

ಪೊಟ್ಟಣದ ಲೆಕ್ಕ ಹೀಗೆ. ಮೇವಿನ ಒಂದೊಂದು ಗ್ರಾಂಗೆ ಕನಿಷ್ಠ ಒಂದು ಲಕ್ಷ ಜೀವಂತ ಬ್ಯಾಕ್ಟೀರಿಯಾ ಬೀಳಬೇಕು. ಟನ್ನಿಗೆ ಹತ್ತು ಸಾವಿರ ಕೋಟಿ. ಪೊಟ್ಟಣದ ಮೇಲೆ ಸಿ.ಎಫ್.ಯು. ಎಂದು ಬರೆದಿರುವುದೇ ಈ ಜೀವಂತ ಸಂಖ್ಯೆ. ಒಂದು ಗ್ರಾಂ ಪುಡಿಯಲ್ಲಿ ಹತ್ತು ಸಾವಿರ ಕೋಟಿ ಇದ್ದರೆ ಟನ್ನಿಗೆ ಒಂದು ಗ್ರಾಂ ಸಾಕು. ಒಂದು ಸಾವಿರ ಕೋಟಿ ಇದ್ದರೆ ಹತ್ತು ಗ್ರಾಂ ಬೇಕು. ಸಂಖ್ಯೆ, ಜಾತಿ, ಕೊನೆಯ ದಿನಾಂಕ ಈ ಮೂರೂ ಇಲ್ಲದ ಪೊಟ್ಟಣ ಮುಟ್ಟಬೇಡಿ. ಇದು ಗೊಬ್ಬರವಲ್ಲ, ಜೀವ. ಬಿಸಿಲಲ್ಲಿ, ಟ್ರಾಕ್ಟರ್ ಬಾನೆಟ್ ಮೇಲೆ ಇಟ್ಟರೆ ಸಾಯುತ್ತದೆ. ತಂಪಾದ ಒಣ ಜಾಗದಲ್ಲಿಡಿ, ಫ್ರಿಜ್ ಇದ್ದರೆ ಅದರಲ್ಲಿ.

ನೀರಿನ ವಿಷಯ ನನಗೆ ತಡವಾಗಿ ತಿಳಿಯಿತು. ಬ್ಲೀಚಿಂಗ್ ಪುಡಿ ಬೆರೆಸಿದ ನಲ್ಲಿ ನೀರು ಈ ಜೀವಿಗಳನ್ನು ಕೊಲ್ಲುತ್ತದೆ. ಬೋರಿನ ನೀರು ಒಳ್ಳೆಯದು. ಇಲ್ಲವಾದರೆ ನಲ್ಲಿ ನೀರನ್ನು ಬಾಯಗಲದ ಪಾತ್ರೆಯಲ್ಲಿ ರಾತ್ರಿಯಿಡೀ ತೆರೆದಿಡಿ. ಬಿಸಿನೀರು ಬೇಡ. ಔಷಧಿ ಹೊಡೆಯುವ ಸ್ಪ್ರೇಯರ್ ಬೇಡ, ಹೂದೋಟಕ್ಕೆ ನೀರು ಹಾಕುವ ಬೇರೆ ಡಬ್ಬಿ ಇಟ್ಟುಕೊಳ್ಳಿ. ಕಲಸಿದ್ದನ್ನು ಅದೇ ದಿನ ಮುಗಿಸಿ.

ಅರ್ಧ ಅಡಿ ಮೇವು ಹರಡಿ, ಹೆಪ್ಪಿನ ನೀರು ಸಮನಾಗಿ ಚಿಮುಕಿಸಿ, ತುಳಿಯಿರಿ. ನನ್ನ ನಾಲ್ಕಡಿ ಗುಂಡಿಗೆ ಟ್ರಾಕ್ಟರ್ ಇಳಿಯುವುದಿಲ್ಲ. ನೀರು ತುಂಬಿದ ಡ್ರಮ್ಮು ಉರುಳಿಸಿ, ಗೋಡೆಯಂಚನ್ನು ಕಾಲಲ್ಲಿ ತುಳಿಯುತ್ತೇವೆ. ಮಕ್ಕಳಿಗೆ ಅದು ಹಬ್ಬ. ಬೆರಳು ಸುಲಭವಾಗಿ ಇಳಿದರೆ ಇನ್ನೂ ತುಳಿಯಬೇಕು. ಎರಡು ದಿನದೊಳಗೆ ತುಂಬಿ, ದಪ್ಪ ಪ್ಲಾಸ್ಟಿಕ್ ಹಾಳೆ ಮುಚ್ಚಿ, ಮೇಲೆ ಮಣ್ಣು, ಹಳೆ ಟೈರು. ಮುಚ್ಚಿದ ಮೊದಲ ಎರಡು ಮೂರು ವಾರ ಗುಂಡಿಗೆ ಯಾರೂ ಇಳಿಯಬಾರದು. ಬರಕ್ಕೆ ಬಾಡಿದ ಜೋಳದಲ್ಲಿ ನೈಟ್ರೇಟ್ ಹೆಚ್ಚಿದ್ದು, ಹಳದಿ ಕಂದು ಬಣ್ಣದ ವಿಷಗಾಳಿ ಬರಬಹುದು. ಅದು ಜೀವ ತೆಗೆಯುತ್ತದೆ.

ಬೆಲ್ಲ ಹಾಕಬೇಕೆ ಎಂದು ಎಲ್ಲರೂ ಕೇಳುತ್ತಾರೆ. ನೇಪಿಯರ್ ಹುಲ್ಲಿಗೆ ಬೆಲ್ಲ ಸಹಾಯ. ಹದವಾದ ಜೋಳಕ್ಕೆ ಬೇಡ, ಅದು ಯೀಸ್ಟಿಗೆ ಪಾಯಸ ಬಡಿಸಿದಂತೆ. ಮಜ್ಜಿಗೆಯನ್ನೂ ನಾನು ಹಾಕಿ ನೋಡಿದ್ದೇನೆ. ಹಾಲಿಗೆ ಒಗ್ಗಿದ ಹೆಪ್ಪು ಜೋಳದ ದಂಟಿನಲ್ಲಿ ಗೆಲ್ಲುತ್ತದೆ ಎಂಬ ಖಾತ್ರಿಯಿಲ್ಲ.

ಎರಡು ಬುಟ್ಟಿ

2019ರಲ್ಲಿ ಒಂದು ಗುಂಡಿಗೆ ಬುಕ್ನೆರಿ ಇರುವ ಹೆಪ್ಪು ಹಾಕಿದೆ, ಇನ್ನೊಂದಕ್ಕೆ ಏನೂ ಹಾಕಲಿಲ್ಲ. ಅರವತ್ತೈದನೇ ದಿನ ಎರಡರಿಂದಲೂ ಒಂದೊಂದು ಬುಟ್ಟಿ ತೆಗೆದು ಕೊಟ್ಟಿಗೆಯ ನೆರಳಿನಲ್ಲಿಟ್ಟೆ. ಮಗಳು ಜ್ವರ ನೋಡುವ ಥರ್ಮಾಮೀಟರ್ ತಂದಳು. 'ಅಪ್ಪ, ಮೇವಿಗೂ ಜ್ವರ ನೋಡ್ತೀಯಾ?' ಎಂದು ನಕ್ಕಳು. ಅದು ಸಾಲದೆ, ಆಮೇಲೆ ಕೈಯನ್ನೇ ನಂಬಿದೆ. ಹೆಪ್ಪಿಲ್ಲದ ಬುಟ್ಟಿ ಎರಡನೇ ದಿನ ಸಂಜೆಗೆ ಬೆಚ್ಚಗಾಯಿತು. ಹೆಪ್ಪಿನ ಬುಟ್ಟಿ ಐದನೇ ದಿನದವರೆಗೂ ತಣ್ಣಗಿತ್ತು, ಮೂಸಿದರೆ ತುಸು ವಿನೆಗರ್ ವಾಸನೆ. ಒಬ್ಬ ರೈತನ ಒಂದು ಪರೀಕ್ಷೆ ಇದು, ಶಾಸನವಲ್ಲ. ಆದರೆ ಆ ಬೇಸಿಗೆ ಹೆಪ್ಪಿನ ಗುಂಡಿಯಿಂದ ತಿಪ್ಪೆಗೆ ಹೋದದ್ದು ಮೇಲ್ಪದರದ ಕೆಲವು ಮಂಕರಿ ಮಾತ್ರ.

ಹೆಪ್ಪು ಹಾಕಿದ್ದಕ್ಕೆ ಹಾಲು ಹೆಚ್ಚಾಯಿತೇ? ಇಲ್ಲ. ಹೆಚ್ಚುತ್ತದೆ ಎಂದು ಮಾರುವವರನ್ನು ನಂಬಬೇಡಿ. ಇದರ ಲಾಭ ಬರುವುದರಲ್ಲಿಲ್ಲ, ಹೋಗದೇ ಉಳಿಯುವುದರಲ್ಲಿದೆ. ನಾನು ಕೊಟ್ಟದ್ದು ಟನ್ನಿಗೆ ನೂರೈವತ್ತು ರೂಪಾಯಿಯ ಆಸುಪಾಸು. ತಿಪ್ಪೆಗೆ ಹೋದ ಎರಡು ಟನ್ನಿನ ಎದುರು, ಸಂತೆಗೆ ಹೋದ ಹಸುವಿನ ಎದುರು ಅದು ಎಷ್ಟರದು? ಹಾಗೆಯೇ, ಒಣಗಿದ ಜೋಳವನ್ನು, ತುಳಿಯದ ಗುಂಡಿಯನ್ನು, ಹರಿದ ಟಾರ್ಪಾಲನ್ನು ಯಾವ ಪೊಟ್ಟಣವೂ ಸರಿಮಾಡದು. ಕಾಸು ಖರ್ಚಿಲ್ಲದ ಕೆಲಸ ಮೊದಲು, ಪೊಟ್ಟಣ ಆಮೇಲೆ.

ಗಡಿಯ ರೈತನಿಗೆ ಇನ್ನೊಂದು ಕಷ್ಟ ಉಂಟು. ಕಚೇರಿಯ ಕರಪತ್ರ ತೆಲುಗಿನಲ್ಲಿ, ಸಿರಾ ಕಡೆ ನೆಂಟರು ತಂದದ್ದು ಕನ್ನಡದಲ್ಲಿ, ಪೊಟ್ಟಣ ಇಂಗ್ಲಿಷಿನಲ್ಲಿ. ಅಮರಾಪುರಂ, ರೊಳ್ಳ, ಅಗಳಿ ಕಡೆ ಕನ್ನಡ ಶಾಲೆಯಲ್ಲಿ ಓದಿದ ಎಷ್ಟೋ ಹೆಣ್ಣುಮಕ್ಕಳೇ ಇವತ್ತು ಹಸು ಸಾಕುವವರು. ಅವರ ಕೈಗೆ ಪೊಟ್ಟಣ ಹೋಗುತ್ತದೆ, ಅದರ ಅರ್ಥ ಹೋಗುವುದಿಲ್ಲ. ಜಾತಿ ಯಾವುದು, ಎಷ್ಟು ದಿನ ಮುಚ್ಚಬೇಕು ಎಂಬ ಎರಡು ಸಾಲು ಅವರ ಭಾಷೆಯಲ್ಲಿ ಅಚ್ಚಾಗಿದ್ದರೆ ನಮ್ಮ ಕೊಟ್ಟಿಗೆಯ ಹಸು ಉಳಿಯುತ್ತಿತ್ತೋ ಏನೋ.

ಮನೆಯಾಕೆಗೆ ಇದನ್ನೆಲ್ಲ ವಿವರಿಸಿದಾಗ ಅವಳು ಅಂದದ್ದು ಇಷ್ಟೇ: 'ಹಾಲು ಕಾಯಿಸದೆ ಹೆಪ್ಪು ಹಾಕಿದ್ರೆ ಮೊಸರಾಗ್ತದಾ? ನಿಮಗೆ ಇದು ಗೊತ್ತಾಗೋಕೆ ಹಸು ಮಾರಬೇಕಾಯ್ತು.' ಹೆಪ್ಪಿಗೆ ತೆಲುಗಿನಲ್ಲಿ 'ತೋಡು' ಎನ್ನುತ್ತಾರೆ. ಆ ಭಾಷೆಯಲ್ಲಿ ಅದೇ ಪದಕ್ಕೆ ಜೊತೆ, ಸಂಗಾತಿ ಎಂದೂ ಅರ್ಥ. ಮೇವಿನ ಗುಂಡಿಗೆ ಹಾಕುವ ಹೆಪ್ಪೂ ಹಾಗೆಯೇ. ಅದು ಜೊತೆಗೆ ಬರುತ್ತದೆ, ನಮ್ಮ ಬದಲಿಗೆ ದುಡಿಯುವುದಿಲ್ಲ. ಈ ಸಲ ನಮ್ಮ ಕೊಟ್ಟಿಗೆಯಲ್ಲಿ ಮತ್ತೆ ನಾಲ್ಕು ಹಸು. ಗುಂಡಿ ಎರಡೂ ಮುಚ್ಚಿವೆ. ಅರವತ್ತು ದಿನ ತುಂಬುವವರೆಗೆ ಯಾರೂ ತೆರೆಯಕೂಡದು ಎಂದು ಅವಳೇ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದಾಳೆ.